ಶಿವನಿಯಲ್ಲಿ ಅಮ್ಮ ಅಜ್ಜಿಯ ಮಗಳು

ಮಕ್ಕಳ ಬೇಸಿಗೆ ರಜೆಗೆ ಕಡೂರಿನ ಅಮ್ಮನ ಮನೆಗೆ ಬಂದಿದ್ದೇವೆ. ಬೆಳಿಗ್ಗೆ ಅಡುಗೆಮನೆಯಿಂದ ಬಿಸಿ ಹರಳೆಣ್ಣೆಯ ವಾಸನೆ ಬಂತು. ಹಿಂದೆಯೇ ಹಳೆಯ ಹೊಟ್ಟೆಕಿಚ್ಚೂ ಬಂತು.

ನಾನು ಚಿಕ್ಕವಳಿದ್ದಾಗ ರಜೆಯೆಂದರೆ ಶಿವನಿಯ ಅಜ್ಜಿಯ ಮನೆ. ರೈಲು ಇಳಿದು ನಡೆಯುವಾಗಲೂ ಅಮ್ಮ ನನ್ನ ಕೈ ಬಿಡುತ್ತಿರಲಿಲ್ಲ. ಹೊಸ್ತಿಲು ದಾಟಿದ್ದೇ ತಡ, ಅವಳು ಅಜ್ಜಿಯ ಮಗಳಾಗಿಬಿಡುತ್ತಿದ್ದಳು. ತವರಿಗೆ ಬಂದ ಮಗಳ ತಲೆಗೆ ಮೊದಲು ಎಣ್ಣೆ, ಉಳಿದವರಿಗೆ ಆಮೇಲೆ. ಅದು ಆ ಮನೆಯ ಪದ್ಧತಿ. ಅಮ್ಮ ಅಜ್ಜಿಯ ಮೊಣಕಾಲುಗಳ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ನಾನು ಸೆರಗು ಜಗ್ಗಿದರೂ ತೆರೆಯುತ್ತಿರಲಿಲ್ಲ.

"ಬಿಡೇ, ವರ್ಷವೆಲ್ಲ ನೀನೇ ಇಟ್ಕೊಂಡಿದ್ಯಲ್ಲ! ರಜಾ ಮುಗಿಯೋಗಂಟ ಇವ್ಳು ನನ್ ಮಗ್ಳು ಕಣೇ," ಎನ್ನುತ್ತಿದ್ದಳು ಅಜ್ಜಿ. ಅಮ್ಮ ನಗುತ್ತಿದ್ದಳು. ಹಾಗೆ ನಗುವುದನ್ನು ನಮ್ಮ ಮನೆಯಲ್ಲಿ ನಾನೆಂದೂ ಕೇಳಿರಲಿಲ್ಲ.

ಇವತ್ತು ಎಣ್ಣೆ ಬಟ್ಟಲು ಹಿಡಿದು ಬಂದ ಅಮ್ಮ ನೇರವಾಗಿ ನನ್ನ ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ತವರಿಗೆ ಬಂದಿರೋಳು ನಾನು ಕಣಮ್ಮಾ," ಎಂದೆ.

"ನೀನೇನ್ ಕೂಸಾ? ಸುಮ್ನಿರೇ," ಎಂದಳು.

ನಾನು ಜಡೆ ಬಿಚ್ಚಿಕೊಂಡು ಪಕ್ಕದಲ್ಲೇ ಕೂತೆ. ಮಗಳು ನನ್ನನ್ನು ಓರೆಗಣ್ಣಿನಿಂದ ನೋಡಿ, ತನ್ನ ಅಜ್ಜಿಯ ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡಳು.