ಡಾಕ್ಟರಮ್ಮನ ಅಳಿಯಂದಿರು

ಶ್ವಾಸಕೋಶದ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಮ್ಮನಿಗೆ ಅಲ್ಲಿನ ರೋಗ ಎದುರಿಸುವ ಜೀವಕಣಗಳೆಲ್ಲ ನೆಂಟರೇ, ಗಡ್ಡೆಯನ್ನು ನುಂಗಬೇಕಾದ ದಪ್ಪ ಕಣಗಳು ಅದನ್ನೇ ಸಾಕುತ್ತಿದ್ದರೆ, "ಭಾವ, ತಿನ್ನೋಕೆ ಕಳಿಸಿದ್ರೆ ಅದರ ಸೇವೆಗೆ ನಿಂತ್ರಾ?" ಎಂದು ಕಿರುಚುತ್ತಾರೆ, ಗಡ್ಡೆಯೊಡನೆ ಜಗಳವಾಗದಂತೆ ತಡೆಯುವ ಕಣಗಳಿಗೆ "ದೊಡ್ಡಪ್ಪ, ನೀವು ಸುಮ್ನಿರಿ!" ಎನ್ನುತ್ತಾರೆ, ಗಡ್ಡೆಯನ್ನು ಕೊಲ್ಲುವ ಕಣಗಳು ಒಳಹೊಕ್ಕರೆ ರೋಗಿ ಉಳಿಯುವ ಭರವಸೆಯುಂಟೆಂದು, ಅಂಚಿನಲ್ಲೇ ನಿಂತವಕ್ಕೆ "ಅಳಿಯಂದ್ರೇ, ಹೊಸಿಲಲ್ಲೇ ನಾಚಿಕೊಂಡ್ರೆ ಹೇಗೆ?" ಎಂದು ಅವರು ಕೂಗಿದರೆ ಪಕ್ಕದ ಕೋಣೆಯವರ ಚಹಾ ತುಳುಕುತ್ತದೆ, ಇಂದು ಮಾತ್ರ ಸದ್ದಿಲ್ಲದ್ದನ್ನು ಕಂಡು ಕಿರಿಯ ಡಾಕ್ಟರ್ ಇಣುಕಿ, "ಯಾಕಕ್ಕ, ಇವತ್ತು ನೆಂಟರ ಮೇಲೆ ಜಗಳ ಇಲ್ವಾ?" ಎಂದಳು, "ಇದು ನಮ್ಮಣ್ಣಂದು ಕಣೇ, ನೀನೇ ನೋಡು" ಎಂದು ಡಾಕ್ಟರಮ್ಮ ಕುರ್ಚಿ ಬಿಟ್ಟುಕೊಟ್ಟರು, ಬಗ್ಗಿ ನೋಡಿದವಳು "ಅಕ್ಕಾ, ಅಳಿಯಂದ್ರು ನಡುಮನೆಗೇ ನುಗ್ಗಿದಾರೆ!" ಎಂದು ಕುಣಿದಾಗ, ಡಾಕ್ಟರಮ್ಮ ಗಾಜಿನತ್ತ ಎರಡೂ ಕೈ ಮುಗಿದು, ಮೊದಲ ಸಲ ಮೆಲುದನಿಯಲ್ಲಿ, "ಊಟ ಮುಗಿಸದೆ ಏಳಬೇಡ್ರಪ್ಪಾ" ಎಂದರು.