ಮೂರು ತಿಂಗಳ ಚಳಿ

ನನ್ನ ಗಂಡನಿಗೆ ಚಳಿಯ ಹುಚ್ಚು ಹಿಡಿದದ್ದು ಮರುಭೂಮಿಗೆ ಬಂದ ಮೇಲೆ. ಅವರದು ಉಡುಪಿಯ ಕಡಲ ಬದಿ. ಬೆವರಿನಲ್ಲೇ ಹುಟ್ಟಿ ಬೆವರಿನಲ್ಲೇ ಬೆಳೆದ ಜೀವ. ಮದುವೆಯಾಗುವವರೆಗೂ ಸ್ವಂತದ್ದೊಂದು ಸ್ವೆಟರ್ ಇರಲಿಲ್ಲ. ನಾನು ವಿಜಯಪುರದ ಕಡೆಯವಳು. ನಮ್ಮಲ್ಲಿ ಚಳಿಯೆಂದರೆ ತಣ್ಣೀರಿನಲ್ಲಿ ಮುಸುರೆ ತಿಕ್ಕುವುದು, ತುಟಿ ಒಡೆಯುವುದು, ಹಿಮ್ಮಡಿ ಸೀಳುವುದು. ಅದರಲ್ಲಿ ಮೆಚ್ಚುವಂಥದ್ದೇನಿದೆ ಎಂದು ನನಗೆ ಬಹಳ ವರ್ಷ ತಿಳಿಯಲಿಲ್ಲ. ಅವರ ತುಳು ನನಗೆ ಬಾರದು, ನನ್ನ ಮಾತು ಅವರ ಮನೆಯವರಿಗೆ ಜಗಳದಂತೆ ಕೇಳುತ್ತದೆ. ಹಾಗಾಗಿ ಇಬ್ಬರೂ ನಮ್ಮ ನಮ್ಮ ಊರಿನ ಕನ್ನಡದಲ್ಲೇ ಸಂಸಾರ ಮಾಡಿಕೊಂಡು ಬಂದಿದ್ದೇವೆ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾದ ಮೇಲಿನ ಅಂತಸ್ತಿನಲ್ಲಿ ನಮ್ಮ ಮನೆ. ಇಲ್ಲಿ ವರ್ಷದ ಬಹುಪಾಲು ಎಸಿಯಿಂದ ಎಸಿಗೆ ದಾಟುವುದೇ ಬದುಕು: ಮನೆಯಿಂದ ಕಾರು, ಕಾರಿನಿಂದ ಆಫೀಸು. ಕಿಟಕಿಗಳು ಇರುವುದು ನೋಡುವುದಕ್ಕಷ್ಟೇ. ಡಿಸೆಂಬರಿನ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗಾಳಿ ತಣ್ಣಗಾಗುತ್ತದೆ. ಅವತ್ತು ಇವರು ಬಾಲ್ಕನಿಯ ಬಾಗಿಲು ತೆರೆದು ನಿಂತು, "ಇನ್ನು ಹೊರಗೆ ಓಡ್ಲಿಕ್ಕೆ ಆಗ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಆ ಮುಖ ನೋಡಿದರೆ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಊರಿಗೆ ಹೇಳಲಿಲ್ಲ. ಗಲ್ಫಿನಲ್ಲಿರುವವರ ರೀತಿಯೇ ಅದು. ಅಲ್ಲಿಯವರು ನಮ್ಮಿಂದ ಮುಚ್ಚಿಡುತ್ತಾರೆ, ನಾವು ಅವರಿಂದ. ಚಳಿಗಾಲ ಬಂದಾಗ ಡಾಕ್ಟರು ಒಂದು ಶರತ್ತಿನ ಮೇಲೆ ಓಡಲು ಬಿಟ್ಟರು. ಮಾತಾಡುತ್ತ ಓಡುವಷ್ಟೇ ವೇಗ ಇರಬೇಕು, ಮಾತು ನಿಂತರೆ ಕಾಲೂ ನಿಲ್ಲಬೇಕು. ಕಾವಲಿಗೆಂದು ನಾನೂ ಬೂಟು ಕೊಂಡೆ.

ನನ್ನ ಅತ್ತೆಗೆ ಈ ಹೃದಯದ ಸುದ್ದಿ ಗೊತ್ತಿಲ್ಲ. ಅವರಿಗಿದ್ದ ಭಯ ಮಂಜಿನದು. ದಿನಾ ಫೋನಿನಲ್ಲಿ ಕಿವಿಗೆ ಹತ್ತಿ ಇಟ್ಟೆಯಾ ಎಂದು ಕೇಳುವವರು. ಐವತ್ತು ದಾಟಿದ ಮಗ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೊಂದು ಮಂಕಿ ಕ್ಯಾಪ್ ಎಳೆದುಕೊಂಡು ಹೊರಡುತ್ತಿದ್ದರು.

"ಕಳ್ಳರಗತೆ ಕಾಣಸ್ತೀರಿ. ಪೊಲೀಸ್ರು ಹಿಡಕೊಂಡ ಹೋದ್ರ ನಾ ಬಿಡಿಸ್ಕೊಂಡ ಬರಂಗಿಲ್ಲ."

"ಅಮ್ಮ ಕೇಳ್ತಾರಲ್ಲ. ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ."

ಆಹಾ, ಹೃದಯ ಮುಚ್ಚಿಡಬಹುದು, ಹತ್ತಿಯ ವಿಷಯದಲ್ಲಿ ಮಾತ್ರ ಸತ್ಯವಂತರು.

ಅವರು ಮುಂದೆ, ನಾನು ಹಿಂದೆ. ಡಾಕ್ಟರ ಮಾತಿನಂತೆ ದಾರಿಯುದ್ದಕ್ಕೂ ಏನಾದರೊಂದು ಹೇಳುತ್ತಲೇ ಓಡುವರು. ಕಿವಿ ಮುಚ್ಚಿದ್ದರಿಂದ ದನಿ ದೊಡ್ಡದು. ಬಂಗುಡೆ ಮೀನಿನ ಕತೆಯನ್ನು ಇಡೀ ಬೀದಿ ಕೇಳುತ್ತಿತ್ತು. ಆಗಾಗ ತಿರುಗಿ ನನ್ನನ್ನು ನೋಡುವರು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಕೆಲವು ವಾರ ಕಳೆದ ಮೇಲೆ ನನ್ನ ಮೈಯೇ ಅವರ ಪಕ್ಷ ಸೇರಿತು. ಮೂಗಿನೊಳಗೆ ತಣ್ಣನೆ ಗಾಳಿ ಉರಿಯುತ್ತದೆ, ಕಿವಿಯ ತುದಿ ಮರಗಟ್ಟುತ್ತದೆ, ಆಮೇಲೆ ಹೊಟ್ಟೆಯ ಹತ್ತಿರ ಒಲೆ ಹೊತ್ತಿಕೊಂಡಂತೆ ಬಿಸಿ ಏರುತ್ತದೆ. ನೀರು ಹಾಕಿದ ಹುಲ್ಲಿನ ವಾಸನೆ, ಕಾರುಗಳ ಕೆಳಗೆ ಮುದುಡಿದ ಬೆಕ್ಕುಗಳು, ತಲೆಗೆ ಶಾಲು ಸುತ್ತಿಕೊಂಡು ಬಸ್ಸಿಗೆ ಕಾಯುವ ಕೆಲಸಗಾರರು. ಅಷ್ಟು ಹೊತ್ತು ಆಸ್ಪತ್ರೆ ನೆನಪಾಗುತ್ತಿರಲಿಲ್ಲ. ನನಗೆ ಅದೇ ಬೇಕಾಗಿತ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ದಟ್ಟ ಮಂಜಿದೆ ಎಂದು ಫೋನು ಎಚ್ಚರಿಕೆಯ ಸದ್ದು ಮಾಡಿತು.

"ಇವತ್ತ ಬ್ಯಾಡ್ರಿ. ಎದುರಿಗಿನ ಗ್ವಾಡಿ ಕಾಣವಲ್ದು."

"ಇಂಥ ದಿನ ವರ್ಷಕ್ಕೆ ಎಷ್ಟು ಸಿಗ್ತದೆ? ಯಲ್ಲಾ, ಹೊರಡು."

ಹೊರಟೆವು. ಬೀದಿದೀಪಗಳೆಲ್ಲ ಅರಿಸಿನ ಕಲಸಿದಂತೆ ಹರಡಿಕೊಂಡಿದ್ದವು. ಅವರು ಕಾಣುತ್ತಿರಲಿಲ್ಲ, ದನಿ ಮಾತ್ರ ಮುಂದಿನಿಂದ ಬರುತ್ತಿತ್ತು. ಚಿಕ್ಕವರಿದ್ದಾಗ ಘಾಟಿಯ ಬಸ್ಸಿನಲ್ಲಿ ಮೊದಲ ಸಲ ಮಂಜು ನೋಡಿದ್ದು, ಹೊಗೆಯೆಂದು ಹೆದರಿದ್ದು ಹೇಳುತ್ತಿದ್ದರು. ನನ್ನ ಬೂಟಿನ ಲೇಸು ಬಿಚ್ಚಿತು. ಬಗ್ಗಿ ಕಟ್ಟಿ ಎದ್ದೆ. ದನಿ ಇರಲಿಲ್ಲ.

"ರೀ" ಎಂದೆ. ದೂರದಲ್ಲಿ ಯಾವುದೋ ಕಾರಿನ ಹಾರನ್ ಬಿಟ್ಟರೆ ಏನೂ ಇಲ್ಲ. ಇಲ್ಲಿಯ ಗೋಡೆಗಳೆಲ್ಲ ಒಂದೇ ಬಣ್ಣ, ತಿರುವುಗಳೆಲ್ಲ ಒಂದೇ ಥರ. ಓಡಿದೆ. ಮಾತು ನಿಂತರೆ ಕಾಲೂ ನಿಲ್ಲಬೇಕು ಎಂದಿದ್ದರಲ್ಲ ಡಾಕ್ಟರು, ಕಾಲು ನಿಲ್ಲಿಸಿ ಎಲ್ಲಿ ಬಿದ್ದಿದ್ದಾರೋ ಎಂದು ಪ್ರತಿ ತಿರುವಿನಲ್ಲೂ ಬಗ್ಗಿ ನೋಡಿದೆ. ಕೊನೆಗೆ ಅವರ ಹೆಸರು ಹಿಡಿದು ಕೂಗಿದೆ. ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗ ಬಾಯಿಂದ ಬಂದ ಹೆಸರು; ಆಮೇಲೆ ಒಂದು ದಿನವೂ ನಾನು ಅದನ್ನು ಉಚ್ಚರಿಸಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ. ಹತ್ತಿ ತುರುಕಿದ ಕಿವಿಗೆ ಅದು ಹೇಗೆ ಕೇಳಬೇಕು?

ರೊಟ್ಟಿ ಸುಡುವ ಅಂಗಡಿಯ ಬೆಳಕಿನಲ್ಲಿ, ಫುಟ್‌ಪಾತಿನ ಅಂಚಿನ ಮೇಲೆ ಕೂತಿದ್ದರು. ಅಂಗಡಿಯವನು ಅವರ ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದ. ಇವರ ಮುಖ ಬೂದಿಯಾಗಿತ್ತು.

"ನೀನು ಎಲ್ಲಿಗೆ ಹೋದದ್ದು? ತಿರುಗಿ ನೋಡಿದ್ರೆ ನೀನಿಲ್ಲ. ಎಷ್ಟು ಓಡಿದೆ ಗೊತ್ತುಂಟಾ ನಿನ್ನ ಹುಡುಕಿ."

ನಾನು ಕಾಣೆಯಾದೆನೆಂದು ಆ ಜೀವ ಮಾತು ಬಿಟ್ಟು, ವೇಗದ ಲೆಕ್ಕ ಬಿಟ್ಟು ಓಡಿತ್ತು. ನಾನು ಅವರ ಕಿವಿಯ ಹತ್ತಿ ಕಿತ್ತು ಎಸೆದು ಅಲ್ಲೇ ಕೂತು ಅತ್ತುಬಿಟ್ಟೆ.

ಬದುಕಿಕೊಂಡರು. ಆದರೆ ಹೃದಯದ ಒಂದು ಭಾಗ ಸತ್ತೇಹೋಗಿದೆ ಎಂದರು ಡಾಕ್ಟರು. ಓಟ ಖಲಾಸ್, ಚಳಿಯ ಗಾಳಿಯೂ ಬೇಡ. ಈಗ ಇವರು ಒಂದು ಮೆಟ್ಟಿಲು ಸಾಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಮುಂದಿನ ಚಳಿಗೆ ಇರುತ್ತಾರೋ ಇಲ್ಲವೋ ಎಂದು ನಾನು ಯೋಚಿಸುತ್ತೇನೆ, ಅವರೂ ಯೋಚಿಸುತ್ತಾರೆ, ಇಬ್ಬರೂ ಚಹಾ ಕುಡಿಯುತ್ತೇವೆ.

ಈ ಸಲ ಡಿಸೆಂಬರ್ ಬಂದಾಗ ನಾನೂ ಹೋಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು.

"ನೀನು ಹೋಗು. ಇಬ್ಬರೂ ಒಳಗೆ ಕೂತು ಎಂತ ಮಾಡುದು?"

ಒಬ್ಬಳೇ ಓಡಿದೆ. ಮುಂದೆ ಯಾರ ದನಿಯೂ ಇಲ್ಲದ ಬೀದಿ ಎಷ್ಟು ಉದ್ದವೆಂದು ಆಗ ಗೊತ್ತಾಯಿತು. ಆದರೂ ಚಳಿ ಮೂಗಿಗೆ ಹತ್ತಿದಾಗ ಮೈ ಮೊದಲಿನಂತೆಯೇ ಹಿಗ್ಗಿತು. ನಾಚಿಕೆಯಿಲ್ಲದ ಮೈ ಎಂದು ನನ್ನನ್ನೇ ಬೈದುಕೊಂಡೆ. ಮನೆಗೆ ಬಂದರೆ ಇವರು ಬಾಗಿಲಲ್ಲೇ ನಿಂತಿದ್ದರು. ಎರಡೂ ಅಂಗೈಗಳನ್ನು ನನ್ನ ಕೆನ್ನೆಗಿಟ್ಟರು. ಕಣ್ಣು ಮುಚ್ಚಿಕೊಂಡು, ಕೆನ್ನೆಯ ತಂಪು ಆರುವವರೆಗೂ ಹಿಡಿದೇ ಇದ್ದರು. "ಇವತ್ತು ಒಳ್ಳೆ ಉಂಟು" ಎಂದರು. ಅಲ್ಲಿಂದ ಮುಂದೆ ದಿನವೂ ಹೀಗೇ ಆಯಿತು.

ಮಾರ್ಚ್ ಬಂದಿದೆ. ಬೆಳಿಗ್ಗೆಯೇ ಬೆವರು ಬರುತ್ತದೆ. ನಿನ್ನೆ ಓಡಿ ಮುಗಿಸಿ, ಮೂಲೆಯ ಬಕಾಲಾ ಅಂಗಡಿಯ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದುಕೊಂಡೆ. ಮೆಟ್ಟಿಲ ಬುಡದಲ್ಲಿ ನಿಂತು ಬೆವರು ಒರೆಸಿಕೊಂಡು, ಬಾಟಲಿಯನ್ನು ಒಂದು ಕೆನ್ನೆಗೆ, ಆಮೇಲೆ ಇನ್ನೊಂದಕ್ಕೆ ಒತ್ತಿ ಹಿಡಿದೆ. ಕೆನ್ನೆ ಮರಗಟ್ಟಿದ ಮೇಲೆ ಓಡಿ ಮೇಲೆ ಹೋದೆ.

ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಇನ್ನೂ ಉಂಟಲ್ಲ, ಚಳಿ" ಎಂದರು.

"ಐತ್ರಿ" ಎಂದೆ. "ಇನ್ನೂ ಭಾಳ ದಿನ ಐತಿ."