ಅತ್ತೆಯ ಕೌದಿಯಲ್ಲಿ ಹೊಲಿಗೆ ಬೀಳದ ಜಾಗ

ಬತ್ತಿ ಹೊಸೆಯುತ್ತ ಕುಳಿತಿದ್ದೆ. ಹತ್ತಿ ಬಿಡಿಸಿ ಮುಗಿದ ಮೇಲೂ ಒಣಗಿದ ಕಾಯಿಯಲ್ಲಿ ಒಂದಿಷ್ಟು ಹತ್ತಿ ಅಂಟಿಕೊಂಡು ಉಳಿಯುತ್ತದಲ್ಲ, ಬೈಲಹೊಂಗಲದ ಪೇಟೆಯವರು ಬೇಡವೆನ್ನುವಂಥದ್ದು, ಅದನ್ನು ಆರಿಸಿ ತಂದು, ಕಸ ತೆಗೆದು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುವುದು ನಮ್ಮ ಮನೆಯ ಪದ್ಧತಿ. ಮಠದ ಗದ್ದುಗೆಗೂ ನಮ್ಮ ದೇವರ ಜಗಲಿಗೂ ಶ್ರಾವಣದವರೆಗೆ ಅಷ್ಟೇ ಸಾಕು. ಅರ್ಧ ಮೊರ ತುಂಬಿತ್ತು. ಆಗ ಸುರೇಬಾನದ ಆಳು ಅಂಗಳಕ್ಕೆ ಬಂದು ನಿಂತ. ಕಾಲು ಮೊಣಕಾಲವರೆಗೆ ಧೂಳಾಗಿತ್ತು. ಬಿಸಿಲಲ್ಲಿ ನಡೆದು ಬಂದವನು ಮೊದಲು ನೀರು ಕೇಳಬೇಕು. ಇವನು ಗಂಡಸರು ಎಲ್ಲಿದ್ದಾರೆ ಎಂದು ಕೇಳಿದ. ಸುದ್ದಿ ಏನೆಂದು ನನಗೆ ಅಷ್ಟರಲ್ಲೇ ತಿಳಿಯಿತು.

ನಮ್ಮ ಅತ್ತೆ ಸಂಕ್ರಾಂತಿ ಮುಗಿಸಿಕೊಂಡು ಮಗಳ ಮನೆಗೆಂದು ಸುರೇಬಾನಕ್ಕೆ ಹೋಗಿದ್ದರು. ಮುಂಜಾನೆ ಲಿಂಗಪೂಜೆಗೆ ಕುಳಿತವರು ಹಾಗೆಯೇ ಗೋಡೆಗೆ ವಾಲಿದರಂತೆ. ಸಂಪಗಾಂವದ ಬದಿಯ ನಮ್ಮ ಊರಿಗೂ ಸುರೇಬಾನಕ್ಕೂ ನಡುವೆ ಹೊಳೆ ದಾಟಿ ಎರಡು ದಿನದ ದಾರಿ. ಆಳು ಬಂದು ಮುಟ್ಟುವಷ್ಟರಲ್ಲಿ ಅಲ್ಲಿ ಮಣ್ಣು ಕೊಟ್ಟಾಗಿತ್ತು. ನಮ್ಮವರು ಬಂಡಿ ಕಟ್ಟಿಕೊಂಡು ಹೊರಟರು. ನಾನು ಹೋಗುವಂತಿರಲಿಲ್ಲ. ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು.

ದೇವರು ಕೊಟ್ಟದ್ದನ್ನು ಬೆರಳು ಮಡಿಸಿ ಎಣಿಸುವುದು ನನ್ನ ರೂಢಿ. ಆ ದಿನವೂ ಎಣಿಸಿದೆ. ಅತ್ತೆ ಹಾಸಿಗೆ ಹಿಡಿದು ನರಳಲಿಲ್ಲ. ಕೈಯಲ್ಲಿ ಲಿಂಗವಿತ್ತು. ಸುದ್ದಿ ಬಂದಾಗ ಮಗಳ ಊಟ ಆಗಿತ್ತು. ನಾಲ್ಕನೆಯ ಬೆರಳು ಮಡಿಸಲು ನನಗೇನೂ ಹೊಳೆಯಲಿಲ್ಲ. ಅಳು ಬರಲಿಲ್ಲ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅತ್ತೆಯ ಕೈಯಲ್ಲಿ ಒಂದು ಚೂರು ಬಟ್ಟೆ ಹಾಳಾದದ್ದನ್ನು ನಾನು ಕಾಣೆ. ಸೀರೆ ಹರಿದರೆ ಎರಡು ತುದಿ ಜೋಡಿಸಿ ಮತ್ತೆ ಉಡಬೇಕು. ಅದೂ ಹರಿದರೆ ಗಟ್ಟಿ ಇದ್ದ ಕಡೆಯದು ಕೂಸಿನ ಜೋಳಿಗೆಗೆ, ತೆಳುವಾದದ್ದು ಕೌದಿಯ ಒಳಪದರಕ್ಕೆ. ಅಂಚು ಹೊಸೆದು ಸುತ್ತಿದರೆ ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿ. ಸಿಂಬಿ ಸವೆದರೆ ಪಾತ್ರೆ ಒರೆಸಲು. ಅದೂ ಚಿಂದಿಯಾದ ಮೇಲೆ ದನದ ಮನೆಯ ದೀಪಕ್ಕೆ ಬತ್ತಿ. ಹೊಲ ಮನೆ ಇದ್ದ ಮನೆತನ ನಮ್ಮದು, ಉಡಲು ಕಡಿಮೆಯಿರಲಿಲ್ಲ. ಆದರೂ ಅಂಗೈಯಗಲದ ಚೂರು ಕಸದಲ್ಲಿ ಕಂಡರೆ ನನಗೆ ಆ ದಿನವೆಲ್ಲ ಮಾತು ಕೇಳಬೇಕಾಗುತ್ತಿತ್ತು. ಈಗ ನಾನೂ ಹಾಗೆಯೇ ಆಗಿದ್ದೇನೆ. ಕಲಿಸಿದವರ ಮೇಲೆ ಸಿಟ್ಟಿದ್ದರೂ ಕಲಿತದ್ದು ಕೈ ಬಿಡುವುದಿಲ್ಲ.

ಅವರ ಸ್ವಂತ ಕೌದಿಗೆ ಮಾತ್ರ ನಾನು ಕೈ ಹಚ್ಚುವಂತಿರಲಿಲ್ಲ. ನಮ್ಮ ಕಡೆ ಹಳೆಯ ಕೌದಿಯನ್ನು ಬಿಸಾಡುವುದಿಲ್ಲ, ಅದರ ಮೇಲೆಯೇ ಇನ್ನೊಂದು ಪದರ ಹಾಸಿ ಹೊಲಿದುಬಿಡುತ್ತೇವೆ. ಅತ್ತೆ ಎರಡು ವರ್ಷಕ್ಕೊಮ್ಮೆ ತಮ್ಮದಕ್ಕೆ ತಾವೇ ಪದರ ಏರಿಸುತ್ತಿದ್ದರು. ಅದು ಬೆಳೆದು ಬೆಳೆದು, ಒದ್ದೆಯಾದರೆ ಇಬ್ಬರು ಹಿಡಿಯದೆ ಏಳುತ್ತಿರಲಿಲ್ಲ. ಒಳಗೆ ಬಂಗಾರ ಹೊಲಿದಿಟ್ಟಿದ್ದಾರೆ ಎಂದು ಎದುರು ಮನೆಯಾಕೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ನಮ್ಮವರೂ ಒಳಗೊಳಗೆ ಹಾಗೆಯೇ ತಿಳಿದಿದ್ದರೆಂದು ಕಾಣುತ್ತದೆ.

ಒಂದು ದೀಪಾವಳಿಯ ಮುಂದೆ ಹಳ್ಳದಲ್ಲಿ ಒಗೆದು ಬಂಡೆಯ ಮೇಲೆ ಹರವಿದಾಗ ನೋಡಿದೆ, ಎದೆಯ ಮೇಲೆ ಬರುವ ಕಡೆ ಮೊಳದಷ್ಟು ಜಾಗದಲ್ಲಿ ಹೊಲಿಗೆಯೇ ಇಲ್ಲ. ಸುತ್ತಲೂ ಇರುವೆ ಸಾಲಿನಂಥ ಹೊಲಿಗೆ, ನಡುವೆ ಬೋಳು. ನಾನು ನಕ್ಕೆ.

"ಅತ್ತಿ, ಇಲ್ಲೆ ಟಾಕಿ ತಪ್ಪ್ಯಾವ್ರಿ. ಕಣ್ಣು ಮಂಜಾಗ್ಯಾವೇನ್ರಿ? ತರ್ರಿ, ನಾಕ ಟಾಕಿ ನಾ ಹಾಕಿ ಕೊಡತೇನಿ."

ಅವರು ನನ್ನ ಕೈಗೆ ಫಟ್ಟನೆ ಹೊಡೆದರು. "ನನ್ನ ಕೌದಿ, ನನ್ನ ಟಾಕಿ. ನಿನ್ನ ಹರಕ ನೀ ಹೊಲ್ಕೋ ಹೋಗ."

ಅದನ್ನು ಬಾವಿಯ ಹತ್ತಿರ ಹೇಳಿ ಹೆಂಗಸರನ್ನು ನಗಿಸಿದೆ. ಊರಿಗೆಲ್ಲ ಹೊಲಿಗೆ ಕಲಿಸಿದ ಮುದುಕಿಗೆ ತನ್ನ ಕೌದಿಯ ನಡುವೆ ಸೂಜಿ ಹಾಕಲು ಮರೆತುಹೋಗಿದೆ ಎಂದೆ. ಅವರ ಮೇಲೆ ನನಗೆ ಸಿಕ್ಕ ಮೊದಲ ಗೆಲುವು ಅದು. ಬಹಳ ದಿನ ಅದನ್ನೇ ಮೆಲುಕು ಹಾಕಿದೆ.

ನನಗೆ ಅವರ ಮೇಲೆ ಅಷ್ಟು ವಿಷ ಯಾಕೆ ಎಂಬುದನ್ನು ಹೇಳಬೇಕು. ಮಗಳಿಗಿಂತ ಮೊದಲು ನನಗೆ ಮೂರು ಕೂಸು. ಮೊದಲಿನ ಎರಡು ತೊಟ್ಟಿಲಲ್ಲೇ ಹೋದವು. ಮೂರನೆಯದು ಗಂಡು. ಹುಟ್ಟಿದೊಡನೆ ಅತ್ತೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡರು, ತಿಪ್ಪೆಯ ಹೆಸರನ್ನೇ ಇಟ್ಟರು. ಸಾವಿಗೆ ಹೇಸಿಗೆ ಬಂದು ಬಿಟ್ಟು ಹೋಗಲಿ ಎಂದು ಮಾಡುವುದದು. ಆಮೇಲೆ ಐದು ಮನೆಗೆ ಬಟ್ಟೆ ಬೇಡಲು ಹೋದರು. ಬೇಡಿ ತಂದ ತುಂಡುಗಳಿಂದ ಹೊಲಿದ, ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆ ತೊಟ್ಟ ಕೂಸು ಬದುಕುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು, ಸೆರಗು ಒಡ್ಡಿಕೊಂಡು ಎದುರು ಮನೆಯ ಹೊಸ್ತಿಲಿಗೆ ನಿಂತದ್ದನ್ನು ನಾನು ಬಾಣಂತಿ ಕೋಣೆಯ ಕಿಟಕಿಯಿಂದ ನೋಡಿದೆ.

ಎದುರು ಮನೆಯಾಕೆ ಕೇಳಿದಳು, "ದೊಡ್ಡ ಮನಿಯವ್ರಿಗೂ ಅರಿವಿ ಬರ ಬಂತೇನ್ರಿ?"

"ಬರ ಬಂದದ್ದು ಅರಿವಿಗಲ್ಲವಾ, ತೊಟ್ಟಿಲಕ್ಕ. ಕೊಡ್ತಿದ್ರ ಕೊಡು, ಇಲ್ಲಾಂದ್ರ ಮುಂದಿನ ಮನಿಗೆ ಹೊಕ್ಕೇನಿ."

ಆಕೆ ಹಸಿರು ಖಣದ ತುಂಡು ಕೊಟ್ಟಳು. ಇನ್ನೊಂದು ಮನೆಯಲ್ಲಿ ಕೆಂಪು ಪರಕಾರದ ಅಂಚು ಸಿಕ್ಕಿತು, ಮತ್ತೊಂದರಲ್ಲಿ ಧೋತರದ ಬಿಳಿ, ಮತ್ತೊಂದರಲ್ಲಿ ಇಳಕಲ್ ಸೀರೆಯ ನೀಲಿ. ಐದನೆಯದು ಮಠದಿಂದ, ಸ್ವಾಮಿಗಳ ಹಳೆಯ ಕಾವಿ. ಕಾವಿಯನ್ನು ನೆತ್ತಿಗೆ ಬರುವಂತೆ ಇಟ್ಟು ಅತ್ತೆ ಒಂದೇ ದಿನದಲ್ಲಿ ಕುಂಚಿಗೆ ಹೊಲಿದರು.

ಕೂಸು ಹದಿನಾರು ತಿಂಗಳು ಬದುಕಿತು. ಬೀಸುವ ಕಲ್ಲು ಹಿಡಿದುಕೊಂಡು ಹೆಜ್ಜೆ ಹಾಕುತ್ತಿತ್ತು. ನನ್ನನ್ನು ಕಂಡರೆ ಕಲ್ಲು ಬಿಟ್ಟು ಎರಡು ಹೆಜ್ಜೆ ಬಂದು ಕುಕ್ಕರಿಸುತ್ತಿತ್ತು. ಜ್ವರ ಬಂದದ್ದು ಒಂದೂವರೆ ದಿನ, ಅಷ್ಟೇ.

ಮಣ್ಣು ಮಾಡಿ ಬಂದ ಮರುದಿನ ನಾನು ಕುಂಚಿಗೆಯನ್ನು ಮೂಗಿಗೆ ಒತ್ತಿಕೊಂಡು ಕುಳಿತಿದ್ದೆ. ಅದರಲ್ಲಿ ಹಾಲಿನ ವಾಸನೆ, ಬೆವರಿನ ವಾಸನೆ ಇನ್ನೂ ಇತ್ತು. ಅತ್ತೆ ಬಂದು ಕೈಯಿಂದ ಎಳೆದುಕೊಂಡರು. ಸತ್ತ ಕೂಸಿನ ಬಟ್ಟೆ ಮನೆಯಲ್ಲಿದ್ದರೆ ಮುಂದಿನದು ನಿಲ್ಲುವುದಿಲ್ಲ ಎಂದರು. ನಾನು ಕಾಲು ಹಿಡಿದೆ.

"ಅಗಸರಾಕಿಗೆ ಕೊಟ್ಟು ಕಳಸತೇನಿ. ಅತ್ತದ್ದು ಸಾಕು, ಎದ್ದು ರೊಟ್ಟಿ ಬಡಿ."

ಎದ್ದು ರೊಟ್ಟಿ ಬಡಿದೆ. ಆಮೇಲೆ ಎಷ್ಟೋ ವರ್ಷ, ಹಳ್ಳಕ್ಕೆ ಹೋದಾಗ ಅಗಸಗಿತ್ತಿಯ ಮಕ್ಕಳು ಮೊಮ್ಮಕ್ಕಳ ಮೈಮೇಲೆ ಕಣ್ಣಾಡಿಸುತ್ತಿದ್ದೆ. ಒಂದು ಹಸಿರು, ಒಂದು ಕಾವಿ ಎಲ್ಲಿಯಾದರೂ ಕಂಡೀತೇ ಎಂದು. ಆಕೆಯನ್ನು ಕೇಳಲು ಧೈರ್ಯವಾಗಲಿಲ್ಲ, ಕೇಳಿದ್ದು ಅತ್ತೆಯ ಕಿವಿಗೆ ಮುಟ್ಟುತ್ತಿತ್ತು. ಕಣ್ಣಿಗೆ ಬಿದ್ದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಬೇರೆ ಕೂಸಿನ ಮೈಮೇಲಿಂದ ಎಳೆದುಕೊಳ್ಳುತ್ತಿದ್ದೆನೇನೋ. ದೇವರು ಆ ಪಾಪ ಮಾಡಿಸಲಿಲ್ಲ, ಅದನ್ನೂ ಒಂದು ಬೆರಳಿಗೆ ಎಣಿಸಿದ್ದೇನೆ.

ಅದಾದ ವರ್ಷಕ್ಕೆ ಈ ಮಗಳು ಹುಟ್ಟಿದಳು, ಉಳಿದಳು. ಅವಳ ಬೆನ್ನಿಗೆ ಒಬ್ಬ ಮಗ ಹುಟ್ಟಿದ, ಅವನೂ ಉಳಿದ.

ನಮ್ಮವರು ಸುರೇಬಾನಕ್ಕೆ ಹೋದ ನಾಲ್ಕನೆಯ ದಿನ ನಾನು ಅತ್ತೆಯ ಕೌದಿ ಬಿಚ್ಚಲು ಕುಳಿತೆ. ಅದು ಭಾರವೆಂದು ಅವರು ಒಯ್ದಿರಲಿಲ್ಲ. ಹೊರಡುವ ಮುಂಜಾನೆಯೂ, ತಾವು ಸತ್ತರೆ ಬಿಚ್ಚದೆ ಅಗಸರಿಗೆ ಕೊಡಬೇಕೆಂದು ಹೇಳಿದ್ದರು. ಹೇಳಿದ್ದನ್ನು ನಾನು ಮೀರಿದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮೈಗೆ ತಾಗಿಸುವುದಿಲ್ಲ, ಸವೆದು ಮೆತ್ತಗಾದದ್ದೇ ಬೇಕು, ಅದರಲ್ಲೂ ಎಂಬತ್ತು ದಾಟಿದವರು ಉಟ್ಟದ್ದು ಆಯುಷ್ಯಕ್ಕೆ ಒಳ್ಳೆಯದು. ಅಷ್ಟು ಹಳೆಯ ಬಟ್ಟೆ ಮನೆಯಲ್ಲಿದ್ದದ್ದು ಆ ಕೌದಿಯ ಹೊಟ್ಟೆಯಲ್ಲಿ ಮಾತ್ರ. ಮೀರುವುದರಲ್ಲಿ ಸ್ವಲ್ಪ ಸುಖವೂ ಇತ್ತು, ಸುಳ್ಳು ಹೇಳುವುದಿಲ್ಲ.

ಕೌದಿ ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ. ಅವಸರಕ್ಕೆ ಕತ್ತರಿ ಹಾಕಿದರೆ ಬಟ್ಟೆ ಹರಿಯುತ್ತದೆ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ, ಎಳೆದ ದಾರವನ್ನು ಉಂಡೆ ಸುತ್ತಬೇಕು, ಸಿಂಬಿ ಕಟ್ಟಲು ಬರುತ್ತದೆ. ಮೇಲಿನ ಪದರ ಹೋದ ವರ್ಷದ್ದು. ಅದರ ಕೆಳಗೆ ನಮ್ಮವರ ಧೋತರ. ಅದರ ಕೆಳಗೆ ಅತ್ತೆ ತೇರಿನ ದಿನ ಉಡುತ್ತಿದ್ದ ಸೀರೆ, ಬಣ್ಣವೆಲ್ಲ ಹೋಗಿತ್ತು. ಒಂದೊಂದು ಪದರ ತೆಗೆದ ಹಾಗೂ ಎದೆಯ ಕಡೆಯ ಆ ಬೋಳು ಜಾಗ ಹಾಗೆಯೇ ಕೆಳಗಿಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಸಲ ಹೊಲಿದಿದ್ದರೂ ಅಲ್ಲಿಗೆ ಬಂದಾಗ ಸೂಜಿ ಸುತ್ತು ಹಾಕಿ ಹೋಗಿತ್ತು. ಬಿಚ್ಚತೊಡಗಿದ ಮೂರನೆಯ ದಿನ, ಎಂಟನೆಯದೋ ಒಂಬತ್ತನೆಯದೋ ಪದರ ಎತ್ತಿದಾಗ ಹಸಿರು ಕಂಡಿತು. ಹಸಿರಿನ ಪಕ್ಕ ಕೆಂಪು. ಮೇಲೆ ಕಾವಿ.

ಕುಂಚಿಗೆಯನ್ನು ಮಡಿಸಿರಲಿಲ್ಲ. ಕೂಸು ಮಲಗಿದ ಹಾಗೆ, ಹೊದಿಸಿದ ಹಾಗೆ ಹರವಿ ಇಟ್ಟಿದ್ದರು. ಅದರ ಮೈಗೆ ಸೂಜಿ ತಾಗಬಾರದೆಂದು ಸುತ್ತಲೂ ಹೊಲಿದಿದ್ದರು.

ಕುಂಚಿಗೆ ಎತ್ತಿಕೊಂಡೆ. ಮೂಗಿಗೆ ಹಿಡಿದೆ. ಹಳ್ಳದ ನೀರಿನ ವಾಸನೆ, ಅಷ್ಟೇ.

ಮುದುಕಿ ಮೊಮ್ಮಗನ ಮೇಲೆ ಎಷ್ಟು ಜೀವ ಇಟ್ಟಿದ್ದಳು ಎಂದು ಓದಿದವರು ಹೇಳಬಹುದು. ಇಟ್ಟಿದ್ದಿರಬೇಕು. ಆದರೆ ನನಗೆ ಮೊದಲು ಬಂದದ್ದು ಸಿಟ್ಟು, ಈಗಲೂ ಅದು ಪೂರ್ತಿ ಇಳಿದಿಲ್ಲ. ಹದಿನೆಂಟು ವರ್ಷ ಅವರು ಅದನ್ನು ಎದೆಯ ಮೇಲೆ ಹೊದ್ದು ಮಲಗಿದರು. ನಾನು ಅದೇ ಗೋಡೆಯ ಆಚೆ ಮಲಗಿದ್ದೆ. ಐದರಲ್ಲಿ ಒಂದು ತುಂಡು ಹರಿದು ಕೊಟ್ಟಿದ್ದರೂ ಸಾಕಿತ್ತು. ಬಿಳಿಯದು, ಯಾರೂ ಗುರುತು ಹಿಡಿಯದ್ದು. ಅಗಸರ ಮಕ್ಕಳನ್ನು ನಾನು ಹಾಗೆ ನೋಡುತ್ತಿದ್ದದ್ದು ಅವರಿಗೆ ತಿಳಿಯದೇ ಇತ್ತೇ? ಹಳ್ಳಕ್ಕೆ ಜೊತೆಗೇ ಬರುತ್ತಿದ್ದರು. ಇನ್ನೊಂದು ಮಾತು. ಸತ್ತ ಕೂಸಿನ ಬಟ್ಟೆ ಮನೆಯಲ್ಲಿ ಇರಬಾರದೆಂದು ನನಗೆ ಹೇಳಿದವರು ಅದನ್ನು ಮನೆಯಲ್ಲೇ ಇಟ್ಟುಕೊಂಡು ನನ್ನ ಮುಂದಿನ ಬಸಿರು ಕಾಯ್ದರು. ನನ್ನ ಮಗಳ ಜೀವವನ್ನು ಪಣಕ್ಕಿಟ್ಟ ಹಾಗಾಯಿತಲ್ಲ. ಉಳಿದಳು ಎಂಬುದು ದೇವರ ದಯೆ, ಅವರದಲ್ಲ.

ಇನ್ನು ಆ ಪಣ ನನ್ನ ಕೈಗೆ ಬಂದಿತ್ತು. ತುಂಬಿದ ಬಸುರಿ ಮನೆಯಲ್ಲಿದ್ದಳು. ನಂಬಿದ ಪ್ರಕಾರ ನಡೆದರೆ ಕುಂಚಿಗೆಯನ್ನು ಆ ಗಳಿಗೆಯಲ್ಲೇ ಹಳ್ಳಕ್ಕೆ ಬಿಡಬೇಕು. ಕೈ ಏಳಲಿಲ್ಲ.

ಅಷ್ಟರಲ್ಲಿ ಮಗಳು ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದಳು. "ಅವ್ವಾ, ಬಂಗಾರ ಸಿಕ್ಕಿತೇನ?"

ನಾನು ಉಡಿಯಲ್ಲಿ ಮುಚ್ಚಿಕೊಂಡೆ. ಹಸಿರು ತುದಿ ಹೊರಗೆ ಉಳಿಯಿತು.

"ಅದೇನದು ಹಸರ? ಚಂದ ಐತಿ, ತಾ ಇಲ್ಲೆ. ನನ್ನ ಕೂಸಿನ ಕುಂಚಿಗಿಗೆ ಆಕ್ಕೈತಿ."

"ಅದು ಜೀರ್ಣ ಆಗೇತಿ. ಅಗಸರಾಕಿಗೆ ಕೊಟ್ಟು ಕಳಸತೇನಿ."

ಬಾಯಿಂದ ಮಾತು ಬಿದ್ದ ಮೇಲೆ ನನಗೇ ಕೇಳಿಸಿತು. ಅದೇ ಮಾತು, ಅದೇ ದನಿ.

"ಒಂದ ತುಂಡ ಕೊಟ್ಟರ ಏನಾಕ್ಕೈತಿ?" ಎಂದು ಮಗಳು ಮುಖ ಗಂಟು ಹಾಕಿದಳು. ನಾನು ಧೋತರದ ಮೆತ್ತನೆಯ ಭಾಗ ಅವಳ ಮುಂದೆ ಹಾಕಿ, ತೊಟ್ಟಿಲ ಅಳತೆಗೆ ಹರಿಯಲು ಹೇಳಿದೆ. ಗೊಣಗುತ್ತಲೇ ಹರಿದಳು.

ಅವಳು ಮಲಗಿದ ಮಧ್ಯಾಹ್ನ ನನ್ನ ಕೌದಿ ಹಾಸಿದೆ. ಎದೆಯ ಕಡೆ ಕುಂಚಿಗೆ ಹರವಿ, ಮೇಲೆ ಅತ್ತೆಯ ತೇರಿನ ಸೀರೆ ಹಾಸಿ, ಸುತ್ತಲೂ ಹೊಲಿದೆ. ಅಲ್ಲಿಗೆ ಬಂದಾಗ ನನ್ನ ಸೂಜಿಯೂ ಸುತ್ತು ಹಾಕಿ ಹೋಯಿತು. ಏನಾದರೂ ಕೆಟ್ಟದ್ದು ಬರುವುದಿದ್ದರೆ ಇದನ್ನು ಹೊದ್ದವಳ ಮೇಲೆ ಬರಲಿ ಎಂದು ಜಗಲಿಯ ಕಡೆ ನೋಡಿ ಹೇಳಿದೆ. ಅವರೂ ಹಾಗೆ ಹೇಳಿಕೊಂಡಿದ್ದರೇನೋ. ಹೇಳಿದ್ದರೆ ನನಗೂ ಹೇಳಬೇಕಿತ್ತು.

ನಮ್ಮವರು ಬಂದು, ಒಳಗೆ ಏನಿತ್ತು ಎಂದು ಕೇಳಿದಾಗ ಹಳೆ ಅರಿವಿ ಎಂದೆ. ತಿಂಗಳೊಳಗೆ ಮಗಳಿಗೆ ಹೆಣ್ಣು ಹುಟ್ಟಿತು, ಬದುಕಿತು. ಸಾಲಿ ಕಲಿತು ಬಂದು ನನಗೆ ಅಕ್ಷರ ಕಲಿಸಿದವಳು ಆ ಮೊಮ್ಮಗಳೇ, ಇದನ್ನು ತಿದ್ದುವವಳೂ ಅವಳೇ. ಅವಳ ಅವ್ವನಿಗೆ ಓದಿ ಹೇಳಬಾರದೆಂದು ಹೇಳಿದ್ದೇನೆ. ಕೌದಿ ನನ್ನ ಮೇಲೆಯೇ ಇದೆ, ಭಾರವಾಗಿದೆ, ಹೊಲಿಗೆ ತಪ್ಪಿದೆ ಎಂದು ಸೊಸೆ ನಗುತ್ತಾಳೆ.

ಆ ಮಧ್ಯಾಹ್ನ ಕೊನೆಯ ಗಂಟು ಹಾಕಿ, ದಾರ ಕಡಿದು, ಚೂರುಗಳನ್ನು ಆರಿಸಿ ಗಂಟು ಕಟ್ಟಿಟ್ಟೆ. ಸುದ್ದಿ ಬಂದ ದಿನ ಬಿಟ್ಟ ಮೊರ ಜಗಲಿಯ ಕೆಳಗೆ ಹಾಗೆಯೇ ಇತ್ತು. ಹತ್ತಿಯ ಮೇಲೆ ಧೂಳು ಕೂತಿತ್ತು. ಊದಿ ಕೊಡವಿ, ಬೆರಳಿಗೆ ಬೂದಿ ಹಚ್ಚಿಕೊಂಡು ಬತ್ತಿ ಹೊಸೆಯಲು ಕುಳಿತೆ.